ಮಕ್ಕಳ ಪುಸ್ತಕದ ಕಮ್ಮಟ: ಕಥೆಗಾರನೂ ಚಿತ್ರಕಾರನೂ ಒಂದೇ ಪಂಕ್ತಿಯಲ್ಲಿ

ಕಮ್ಮಟವೆಂದರೆ ನಮ್ಮ ಹಿರಿಯರ ಭಾಷೆಯಲ್ಲಿ ನಾಣ್ಯವನ್ನು ಅಚ್ಚು ಹಾಕುವ ಟಂಕಸಾಲೆ. ಲೋಹವು ಕರಗಿ, ತೂಕಕ್ಕೆ ಬಂದು, ಅಚ್ಚಿನ ಪೆಟ್ಟು ತಿಂದು, ಕೊನೆಗೆ ಪೇಟೆಯಲ್ಲಿ ಚಲಾವಣೆಯಾಗುವ ನಾಣ್ಯವಾಗಿ ಹೊರಬರುವ ಸ್ಥಳವದು. ‘ವರ್ಕ್‌ಷಾಪ್’ ಎಂಬ ಇಂಗ್ಲಿಷ್ ಮಾತಿಗೆ ಕನ್ನಡಿಗರು ಕಾರ್ಯಾಗಾರ, ಕಾರ್ಯಶಿಬಿರ ಮುಂತಾದ ಹಲವು ಹೆಸರುಗಳನ್ನಿಟ್ಟು ನೋಡಿದರೂ, ಸಾಹಿತ್ಯದ ಮಟ್ಟಿಗೆ ‘ಕಮ್ಮಟ’ವೆಂಬ ಹೆಸರು ಚೆನ್ನಾಗಿ ನೆಲೆನಿಂತಿದೆ. ಹೆಸರು ಸೊಗಸಾಗಿದೆ. ಹೆಸರಿಗೆ ತಕ್ಕ ಕೆಲಸ ನಡೆಯುತ್ತಿದೆಯೇ ಎಂಬುದು ಮಾತ್ರ ವಿಚಾರಾರ್ಹವಾದ ಪ್ರಶ್ನೆ. ಕಮ್ಮಟದಿಂದ ಹೊರಬರುತ್ತಿರುವುದು ಚಲಾವಣೆಯ ನಾಣ್ಯವೋ, ಗೋಡೆಗೆ ತೂಗುಹಾಕುವ ಪ್ರಮಾಣಪತ್ರವೋ?

ಈ ಪ್ರಶ್ನೆಯನ್ನು ದಿಲ್ಲಿಯ ಕನ್ನಡಿಗರ ಮುಂದಿಡುವುದಕ್ಕೆ ಕಾರಣವುಂಟು. ಭಾರತದಲ್ಲಿ ಮಕ್ಕಳ ಪುಸ್ತಕವನ್ನು ಒಂದು ಕಸುಬೆಂದು ಭಾವಿಸಿ, ಬರೆಯುವವರನ್ನೂ ಚಿತ್ರಿಸುವವರನ್ನೂ ತರಬೇತುಗೊಳಿಸಿದ ಸಂಸ್ಥೆಗಳಲ್ಲಿ ಹಲವು ಈ ನಗರದಲ್ಲಿಯೇ ಇವೆ. ನಮ್ಮ ಮಕ್ಕಳೂ ಈ ನಗರದಲ್ಲಿಯೇ ಬೆಳೆಯುತ್ತಿದ್ದಾರೆ. ಆದರೆ ಆ ಸಂಸ್ಥೆಗಳಿಗೂ ನಮ್ಮ ಮಕ್ಕಳ ಕನ್ನಡಕ್ಕೂ ನಡುವೆ ಸೇತುವೆಯೊಂದು ಇನ್ನೂ ಕಟ್ಟಲ್ಪಟ್ಟಿಲ್ಲ. ಬಾವಿಯ ದಡದಲ್ಲಿ ಕುಳಿತು ಬಾಯಾರಿಕೆ ಎನ್ನುವವರ ಸ್ಥಿತಿ ನಮ್ಮದು.

ದಿಲ್ಲಿಯ ಪರಂಪರೆ

ಬಹಾದುರ್ ಷಾ ಜಫರ್ ಮಾರ್ಗದಲ್ಲಿ, ಪತ್ರಿಕಾ ಕಾರ್ಯಾಲಯಗಳ ಸಾಲಿನಲ್ಲಿ, ‘ನೆಹರೂ ಹೌಸ್’ ಎಂಬ ಕಟ್ಟಡವಿದೆ. ಗೊಂಬೆಗಳ ಸಂಗ್ರಹಾಲಯವನ್ನು ನೋಡಲು ಮಕ್ಕಳನ್ನು ಕರೆದೊಯ್ದ ತಂದೆತಾಯಿಗಳಿಗೆ ಈ ಕಟ್ಟಡ ಚಿರಪರಿಚಿತ. ಗೊಂಬೆಗಳನ್ನು ನೋಡಿ ಹಿಂದಿರುಗುವ ಅನೇಕರಿಗೆ, ಅದೇ ಸೂರಿನಡಿಯಲ್ಲಿ ಭಾರತೀಯ ಮಕ್ಕಳ ಪುಸ್ತಕದ ಒಂದು ಅಧ್ಯಾಯವೇ ರಚಿತವಾಯಿತೆಂಬುದು ತಿಳಿದಿರಲಾರದು. ವ್ಯಂಗ್ಯಚಿತ್ರಕಾರ ಶಂಕರ್ ಪಿಳ್ಳೆಯವರು (1902–1989) 1957ರಲ್ಲಿ ‘ಚಿಲ್ಡ್ರನ್ಸ್ ಬುಕ್ ಟ್ರಸ್ಟ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಅದಕ್ಕೂ ಮೊದಲೇ, 1949ರಲ್ಲಿ, ತಮ್ಮ ‘ಶಂಕರ್ಸ್ ವೀಕ್ಲಿ’ಯ ಮೂಲಕ ಮಕ್ಕಳ ಚಿತ್ರಸ್ಪರ್ಧೆಯನ್ನು ಆರಂಭಿಸಿದ್ದರು. ಮಂತ್ರಿಗಳನ್ನು ಗೆರೆಗಳಲ್ಲಿ ಹಿಡಿದು ನಗಿಸುತ್ತಿದ್ದ ಕೈ, ಮಕ್ಕಳ ಗೆರೆಗಳಿಗೆ ತಲೆಬಾಗಿತು.

ಶಂಕರ್ ಅವರು ಕಂಡುಕೊಂಡ ಸತ್ಯವೊಂದಿದೆ. ಒಳ್ಳೆಯ ಕಾಗದ, ಒಳ್ಳೆಯ ಮುದ್ರಣ, ಕೈಗೆಟುಕುವ ಬೆಲೆ, ಈ ಮೂರನ್ನೂ ಒದಗಿಸಿದರೂ, ಮಕ್ಕಳಿಗಾಗಿಯೇ ಬರೆಯಬಲ್ಲವರು ತಾವಾಗಿ ಹುಟ್ಟಿಬರುವುದಿಲ್ಲ. ಅವರನ್ನು ಹುಡುಕಿ ಬೆಳೆಸಬೇಕು. 1978ರಲ್ಲಿ ಮಕ್ಕಳ ಪುಸ್ತಕಗಳ ಲೇಖಕರಿಗಾಗಿಯೇ ಒಂದು ಸ್ಪರ್ಧೆ ಪ್ರಾರಂಭವಾಯಿತು. 1981ರಲ್ಲಿ ಮಕ್ಕಳ ಲೇಖಕರ ಹಾಗೂ ಚಿತ್ರಕಾರರ ಸಂಘವೊಂದು ಹುಟ್ಟಿತು. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಅದನ್ನು ‘ಆವಿಕ್’ ಎಂದು ಕರೆಯುತ್ತಾರೆ. ಶ್ರೀಮತಿ ಮನೋರಮಾ ಜಫಾ ಅವರು ಈ ಸಂಘದ ಮುಂದಾಳಾಗಿ ಲೇಖಕರ ಕಮ್ಮಟಗಳನ್ನು ನಡೆಸಿದರು. 1953ರಲ್ಲಿ ಸ್ಥಾಪಿತವಾದ ಮಕ್ಕಳ ಪುಸ್ತಕಗಳ ಅಂತಾರಾಷ್ಟ್ರೀಯ ಮಂಡಳಿಯ ಭಾರತೀಯ ವಿಭಾಗವೂ ಇದೇ. ಆ ಮಂಡಳಿಯ 1998ರ ಮಹಾಸಮ್ಮೇಳನವು ಹೊಸದಿಲ್ಲಿಯಲ್ಲಿಯೇ ನೆರವೇರಿತು.

ಇನ್ನೊಂದೆಡೆ, 1957ರ ಆಗಸ್ಟ್ 1ರಂದು ಸ್ಥಾಪಿತವಾದ ನ್ಯಾಷನಲ್ ಬುಕ್ ಟ್ರಸ್ಟ್, ‘ನೆಹರೂ ಬಾಲ ಪುಸ್ತಕಾಲಯ’ವೆಂಬ ಮಾಲೆಯಲ್ಲಿ ಒಂದೇ ಚಿತ್ರಗಳನ್ನಿಟ್ಟುಕೊಂಡು, ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಅಗ್ಗದ ಪುಸ್ತಕಗಳನ್ನು ಹೊರತಂದಿತು. ಅದರ ಆಶ್ರಯದಲ್ಲಿ 1993ರಲ್ಲಿ ಮಕ್ಕಳ ಸಾಹಿತ್ಯದ ರಾಷ್ಟ್ರೀಯ ಕೇಂದ್ರವು ಸ್ಥಾಪಿತವಾಗಿ, ಲೇಖಕರ ಮತ್ತು ಚಿತ್ರಕಾರರ ಕಮ್ಮಟಗಳನ್ನು ದೇಶದ ಬೇರೆ ಬೇರೆ ಊರುಗಳಲ್ಲಿ ನಡೆಸುತ್ತ ಬಂದಿದೆ. ಇವೆಲ್ಲಕ್ಕೂ ಹಿಂದೆ, 1950ರ ದಶಕದಲ್ಲಿ, ಹೊಸದಾಗಿ ಓದು ಕಲಿತ ವಯಸ್ಕರಿಗೆ ಸರಳವಾದ ಪುಸ್ತಕಗಳನ್ನು ಬರೆಯುವ ಲೇಖಕರಿಗಾಗಿ ಕೇಂದ್ರ ಶಿಕ್ಷಣ ಮಂತ್ರಾಲಯವು ‘ಸಾಹಿತ್ಯ ರಚನಾಲಯ’ಗಳನ್ನು ಏರ್ಪಡಿಸಿತ್ತು. ಬರವಣಿಗೆಯನ್ನು ಜೊತೆಯಾಗಿ ಕುಳಿತು ಕಲಿಯಬಹುದೆಂಬ ವಿಚಾರವು, ಆದುದರಿಂದ, ನಿನ್ನೆ ಮೊನ್ನೆಯದಲ್ಲ.

ನಮ್ಮವರು ನಡೆದ ದಾರಿ

ಹಾಗೆಂದು ಕನ್ನಡಿಗರು ಈ ವಿಷಯದಲ್ಲಿ ಹಿಂದುಳಿದವರೆಂದು ಯಾರೂ ಭಾವಿಸಬಾರದು. ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು (1874–1937) ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿ, ಮಕ್ಕಳಿಗಾಗಿ ಬರೆಯುವುದು ಗೌರವದ ಕಾಯಕವೆಂದು ಇತರ ವಿದ್ವಾಂಸರಿಗೆ ಮನಗಾಣಿಸಿದರು. ಶಾಲೆಗಳನ್ನು ಸುತ್ತಿ, ಮಕ್ಕಳ ನಾಲಗೆಗೆ ಯಾವ ಶಬ್ದ ಒಗ್ಗುತ್ತದೆ, ಯಾವುದು ತೊಡರುತ್ತದೆ ಎಂಬುದನ್ನು ಕಿವಿಯಾರೆ ಕೇಳಿದವರು ಅವರು. ಶಿವರಾಮ ಕಾರಂತರು ಒಬ್ಬರೇ ಕುಳಿತು ‘ಬಾಲ ಪ್ರಪಂಚ’ದ ಮೂರು ಸಂಪುಟಗಳನ್ನು ರಚಿಸಿದರು. ಮುಂದೆ ಪ್ರೊಫೆಸರ್ ಎಲ್. ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ಹೊರಬಂದ ‘ಭಾರತ-ಭಾರತಿ ಪುಸ್ತಕ ಸಂಪದ’ದ ಕಿರುಹೊತ್ತಗೆಗಳು ಐನೂರರ ಎಲ್ಲೆಯನ್ನು ದಾಟಿದವು. ಇಂದು ನಡುವಯಸ್ಸಿನಲ್ಲಿರುವ ಕನ್ನಡಿಗರಲ್ಲಿ ಆ ಪುಟ್ಟ ಪುಸ್ತಕಗಳನ್ನು ಜೇಬಿನಲ್ಲಿಟ್ಟುಕೊಂಡು ತಿರುಗದವರು ವಿರಳ.

ದಿಲ್ಲಿಗೂ ಕರಾವಳಿಗೂ ಸಂಬಂಧಿಸಿದ ಒಂದು ಪ್ರಸಂಗವನ್ನಂತೂ ನೆನೆಯಲೇಬೇಕು. ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿದ ಅನಂತ ಪೈಗಳು 1967ರಲ್ಲಿ ದಿಲ್ಲಿಗೆ ಬಂದಿದ್ದಾಗ, ದೂರದರ್ಶನದಲ್ಲಿ ವಿದ್ಯಾರ್ಥಿಗಳ ರಸಪ್ರಶ್ನೆಯೊಂದನ್ನು ಕಂಡರಂತೆ. ಗ್ರೀಕರ ಪುರಾಣದ ಪ್ರಶ್ನೆಗೆ ಉತ್ತರವಿತ್ತ ಮಕ್ಕಳು ಶ್ರೀರಾಮನ ತಾಯಿಯ ಹೆಸರನ್ನು ಹೇಳಲಾರದೆ ಹೋದರು. ಈ ಸಂಗತಿಯನ್ನು ಅವರೇ ಹಲವು ಬಾರಿ ಹೇಳಿದ್ದಾರೆ. ‘ಅಮರ ಚಿತ್ರ ಕಥಾ’ ಮಾಲೆಯ ಮೊದಲ ಹತ್ತು ಸಂಚಿಕೆಗಳು ಪರದೇಶದ ಕಥೆಗಳಾಗಿದ್ದವು. ಹನ್ನೊಂದನೆಯದಾಗಿ ಬಂದುದು ‘ಕೃಷ್ಣ’. ಅದರ ಮಾತು ಪೈಗಳದು, ಚಿತ್ರ ರಾಮ್ ವಾಯಿರ್ಕರ್ ಅವರದು. ಆ ಮಾಲೆಯಲ್ಲಿ ಬಣ್ಣಿಸಿದ ಕಥೆಗಳ ಬಗೆಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ, ಇರಲಿ. ಕಥೆಗಾರನೂ ಚಿತ್ರಕಾರನೂ ಜೊತೆಗೂಡಿದರೆ ಪುಸ್ತಕವು ಎಷ್ಟು ದೂರ ನಡೆಯಬಲ್ಲದೆಂಬುದಕ್ಕೆ ಮಾತ್ರ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಬರೆಯುವುದನ್ನು ಕಲಿಸಲು ಸಾಧ್ಯವೇ?

ಪ್ರತಿಭೆಯು ದೈವದತ್ತವಾದುದು, ಅದನ್ನು ಮೂರು ದಿನಗಳ ಶಿಬಿರದಲ್ಲಿ ಕಲಿಸಲಾಗದು ಎಂದು ಆಕ್ಷೇಪಿಸುವವರಿದ್ದಾರೆ. ಇದಕ್ಕೆ ನಮ್ಮ ಹಳೆಯ ವೃತ್ತಿಯಿಂದಲೇ ಉತ್ತರ ಕೊಡುವೆವು. ಕೈರುಚಿ ಎಂಬುದು ದೇವರು ಕೊಟ್ಟದ್ದು, ನಿಜ. ಆದರೆ ಉದ್ದಿಗೆ ಅಕ್ಕಿ ಎಷ್ಟು, ಎಷ್ಟು ಹೊತ್ತು ನೆನೆಯಬೇಕು, ದಿಲ್ಲಿಯ ಜನವರಿಯ ಚಳಿಯಲ್ಲಿ ಹಿಟ್ಟು ಹುದುಗು ಬರಬೇಕಾದರೆ ಪಾತ್ರೆಯನ್ನು ಎಲ್ಲಿ ಇಡಬೇಕು ಎಂಬುದನ್ನು ದೇವರು ಬಂದು ಹೇಳುವುದಿಲ್ಲ. ಹಿರಿಯ ಅಡಿಗೆಯವನು ಹೇಳಿಕೊಡಬೇಕು. ಮಕ್ಕಳ ಪುಸ್ತಕದಲ್ಲಿಯೂ ಹೀಗೆ ಹೇಳಿಕೊಟ್ಟು ಕಲಿಸಬಹುದಾದ ಭಾಗವು ಬಹಳವಿದೆ.

ಮೊದಲನೆಯದಾಗಿ, ಪುಟದ ಲೆಕ್ಕ. ಚಿತ್ರಪುಸ್ತಕವು ಲೇಖಕನ ಇಚ್ಛೆಯಂತೆ ಉದ್ದವಾಗುವುದಿಲ್ಲ. ಮುದ್ರಣಯಂತ್ರದ ಹಾಳೆಯು ಅದರ ಉದ್ದವನ್ನು ನಿಶ್ಚಯಿಸುತ್ತದೆ. ದೊಡ್ಡ ಹಾಳೆಯ ಎರಡೂ ಮಗ್ಗುಲಿಗೆ ಅಚ್ಚಾಗಿ ಮಡಿಚಿದಾಗ ಎಂಟು, ಹದಿನಾರು ಪುಟಗಳ ಮಡಿಕೆಗಳು ದೊರೆಯುತ್ತವೆ. ಆದ್ದರಿಂದಲೇ ಸಾಮಾನ್ಯವಾಗಿ ಇಂತಹ ಪುಸ್ತಕಗಳು 16, 24 ಅಥವಾ 32 ಪುಟಗಳಲ್ಲಿ ಮುಗಿಯುತ್ತವೆ. ಕಮ್ಮಟಕ್ಕೆ ಬಂದವನ ಕೈಗೆ ಮೊದಲು ಕೊಡಬೇಕಾದುದು ಲೇಖನಿಯಲ್ಲ, ಎಂಟು ಖಾಲಿ ಹಾಳೆಗಳು. ಅವುಗಳನ್ನು ನಡುವೆ ಮಡಿಚಿ ಒಂದರೊಳಗೊಂದು ಸೇರಿಸಿದರೆ 32 ಪುಟಗಳ ಮಾದರಿ ಪುಸ್ತಕ ಸಿದ್ಧವಾಯಿತು. ಶೀರ್ಷಿಕೆ, ಪ್ರಕಾಶಕರ ವಿವರ ಇತ್ಯಾದಿಗಳಿಗೆ ಕೆಲವು ಪುಟಗಳನ್ನು ಬಿಟ್ಟರೆ, ಕಥೆಗೆ ಉಳಿಯುವುದು ಹದಿಮೂರೋ ಹದಿನಾಲ್ಕೋ ಜೋಡಿಪುಟಗಳು. ಇಪ್ಪತ್ತು ಹಾಳೆಗಳ ಕಥೆಯನ್ನು ಬರೆದು ತಂದ ಲೇಖಕನು ತನ್ನ ಕಥೆಯನ್ನು ಈ ಹದಿನಾಲ್ಕು ಕೋಣೆಗಳಲ್ಲಿ ಕೂರಿಸಲು ತೊಡಗಿದಾಗ, ಯಾವ ಮಾತು ಅಗತ್ಯ, ಯಾವುದು ಅಲಂಕಾರ ಎಂಬುದು ತನಗೆ ತಾನೇ ತಿಳಿಯತೊಡಗುತ್ತದೆ.

ಎರಡನೆಯದು, ಪುಟ ತಿರುವುವ ಕ್ಷಣ. ನಮ್ಮ ಹರಿಕಥೆಯ ದಾಸರು ಕಥೆಯನ್ನು ಕುತೂಹಲದ ತುತ್ತತುದಿಗೆ ಒಯ್ದು, ಅಲ್ಲಿ ನಿಲ್ಲಿಸಿ, ತಾಳ ತಟ್ಟಿ ಹಾಡೊಂದನ್ನು ಎತ್ತಿಕೊಳ್ಳುತ್ತಿದ್ದರಷ್ಟೆ? ಮಕ್ಕಳ ಪುಸ್ತಕದಲ್ಲಿ ಬಲಪುಟದ ಕೊನೆಯ ಸಾಲಿಗೆ ಇದೇ ಕೆಲಸವುಂಟು. ಪೊದೆಯೊಳಗೆ ಏನೋ ಅಲುಗಾಡಿತು ಎಂಬಲ್ಲಿಗೆ ಪುಟ ಮುಗಿಯಬೇಕು; ಅದು ಬೆಕ್ಕೋ ಹುಲಿಯೋ ಎಂಬುದು ಪುಟ ತಿರುವಿದ ಮೇಲೆಯೇ ಕಾಣಬೇಕು. ಎರಡನ್ನೂ ಒಂದೇ ಪುಟದಲ್ಲಿ ತುಂಬಿದವನು ಮಗುವಿನ ಕೈಯಿಂದ ಒಂದು ಸಂತೋಷವನ್ನು ಕಸಿದುಕೊಂಡಂತೆ.

ಮೂರನೆಯದು, ಮಾತಿಗೂ ಚಿತ್ರಕ್ಕೂ ಇರಬೇಕಾದ ಹಂಚಿಕೆ. ನಮ್ಮ ಭಾಷೆಯಲ್ಲಿ ಒಂದು ವೈಶಿಷ್ಟ್ಯವಿದೆ: ಕನ್ನಡಿಗರು ಕಥೆಯನ್ನೂ ಬರೆಯುತ್ತಾರೆ, ಚಿತ್ರವನ್ನೂ ಬರೆಯುತ್ತಾರೆ. ಎರಡಕ್ಕೂ ಕ್ರಿಯಾಪದ ಒಂದೇ. ಆದರೂ ರೂಢಿಯಲ್ಲಿ ಲೇಖಕನು ಎಲ್ಲವನ್ನೂ ಮಾತಿನಲ್ಲಿ ಹೇಳಿ ಮುಗಿಸಿ, ಬಳಿಕ ಚಿತ್ರಕಾರನಿಗೆ ಹಸ್ತಪ್ರತಿಯನ್ನು ಕಳುಹಿಸುತ್ತಾನೆ. ಕೆಂಪು ಲಂಗ ತೊಟ್ಟ ಹುಡುಗಿ ಬಾವಿಯ ಬಳಿ ನಿಂತಿದ್ದಳು ಎಂದು ಮಾತು ಹೇಳುತ್ತದೆ. ಚಿತ್ರವೂ ಅದನ್ನೇ ಹೇಳುತ್ತದೆ. ಒಂದೇ ಪದಾರ್ಥವನ್ನು ಎರಡು ಬಾರಿ ಬಡಿಸಿದಂತಾಯಿತು. ಇಬ್ಬರನ್ನೂ ಒಂದೇ ಮೇಜಿನ ಎರಡು ಬದಿಗೆ ಕೂರಿಸಿದರೆ, ಲಂಗದ ಬಣ್ಣವನ್ನೂ ಬಾವಿಯನ್ನೂ ಚಿತ್ರಕ್ಕೆ ಬಿಟ್ಟುಕೊಟ್ಟು, ಹುಡುಗಿಯ ಮನಸ್ಸಿನಲ್ಲಿರುವುದನ್ನು ಮಾತ್ರ ಮಾತು ಹೇಳಲು ಕಲಿಯುತ್ತದೆ. ಮಾತು ಹೇಳದ ತಮಾಷೆಯನ್ನು ಚಿತ್ರಕಾರನು ಮೂಲೆಯಲ್ಲೊಂದು ಇಲಿಯಾಗಿಯೋ ಬೆಕ್ಕಾಗಿಯೋ ಸೇರಿಸುತ್ತಾನೆ. ಓದುಬಾರದ ಮಗು ಮೊದಲು ಕಂಡುಹಿಡಿಯುವುದು ಆ ಇಲಿಯನ್ನೇ!

ನಾಲ್ಕನೆಯದು, ಅಕ್ಷರದ ವಿಚಾರ. ಇದು ಕನ್ನಡಕ್ಕೆ ವಿಶೇಷವಾದುದು. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಗುಣಿತದ ಚಿಹ್ನೆಗಳು ಮೇಲಕ್ಕೂ ಬಲಕ್ಕೂ ಚಾಚುತ್ತವೆ. ಇಂಗ್ಲಿಷಿಗೆಂದು ಬಿಟ್ಟ ಸ್ಥಳದಲ್ಲಿ ಕನ್ನಡದ ಸಾಲುಗಳನ್ನು ತುರುಕಿದರೆ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಯನ್ನು ಮುಟ್ಟಿ, ಎಳೆಯ ಓದುಗನ ಕಣ್ಣು ದಾರಿ ತಪ್ಪುತ್ತದೆ. ಅಲ್ಲದೆ, ನಮ್ಮಲ್ಲಿ ಪ್ರತ್ಯಯಗಳೆಲ್ಲ ಪದಕ್ಕೆ ಅಂಟಿಕೊಂಡು ಪದವು ರೈಲುಗಾಡಿಯಂತೆ ಉದ್ದವಾಗುತ್ತದೆ. ‘ಹೋಗಬೇಕಾಗಿಲ್ಲವೆಂದು’ ಎಂಬ ಒಂದು ಪದವೇ ಎಳೆಯ ಮಗುವಿಗೆ ಒಂದು ಬೆಟ್ಟ. ಹಿಂದಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ರೂಪುಗೊಂಡ ಪುಸ್ತಕವನ್ನು, ಚಿತ್ರಗಳನ್ನು ಕದಲಿಸದೆ ಕನ್ನಡಕ್ಕೆ ಇಳಿಸುವಾಗ ಈ ಅನಾನುಕೂಲತೆಗಳೆಲ್ಲ ತಲೆದೋರುತ್ತವೆ. ಕನ್ನಡದಲ್ಲಿಯೇ ಹುಟ್ಟಿದ ಪುಸ್ತಕದಲ್ಲಿಯಾದರೋ, ಅಕ್ಷರಕ್ಕೆ ಬೇಕಾದ ಬಯಲನ್ನು ಚಿತ್ರಕಾರನು ಮೊದಲೇ ಬಿಟ್ಟಿರುತ್ತಾನೆ.

ಐದನೆಯದೂ ಕಠಿಣತರವೂ ಆದ ಪಾಠವೆಂದರೆ, ಮಕ್ಕಳ ಮುಂದೆ ಗಟ್ಟಿಯಾಗಿ ಓದುವುದು. ವಿಮರ್ಶಕನು ದಾಕ್ಷಿಣ್ಯಕ್ಕೆ ಒಳಗಾಗಬಹುದು. ಐದು ವರ್ಷದ ಮಗು ಒಳಗಾಗದು. ಬೇಸರವಾದ ಕ್ಷಣದಲ್ಲಿ ಅದು ಎದ್ದು ಹೋಗುತ್ತದೆ. ಯಾವ ಸಾಲಿನಲ್ಲಿ ಎದ್ದು ಹೋಯಿತೆಂದು ಗುರುತು ಹಾಕಿಕೊಂಡು, ಆ ಸಾಲನ್ನು ತಿದ್ದುವವನೇ ನಿಜವಾದ ಮಕ್ಕಳ ಲೇಖಕ. ದೀಪ ಬೆಳಗಿಸಿ, ನಾಲ್ಕು ಭಾಷಣ ಮುಗಿಸಿ, ಹಾರ ಹಾಕಿ ಕಳುಹಿಸುವ ಕಮ್ಮಟಗಳಲ್ಲಿ ಈ ಒಂದು ಪರೀಕ್ಷೆಗೆ ಮಾತ್ರ ವೇಳೆ ಸಿಗುವುದಿಲ್ಲ.

ಚಿತ್ರಕಾರನ ಹೆಸರೆಲ್ಲಿ?

ಇಲ್ಲಿ ನ್ಯಾಯದ ಪ್ರಶ್ನೆಯೊಂದಿದೆ. ವಾಚಕ ಮಹಾಶಯರು ತಮ್ಮ ಬಾಲ್ಯದ ಪಠ್ಯಪುಸ್ತಕವನ್ನು ನೆನಪಿಗೆ ತಂದುಕೊಳ್ಳಲಿ. ಪದ್ಯ ಬರೆದ ಕವಿಯ ಹೆಸರು ನೆನಪಿಗೆ ಬರುತ್ತದೆ. ಪದ್ಯದ ಮೇಲಿದ್ದ ಹಸು, ಕೊಕ್ಕರೆ, ಹುಣ್ಣಿಮೆಯ ಚಂದ್ರ ಇವೂ ಕಣ್ಣಿಗೆ ಕಟ್ಟುತ್ತವೆ. ಅವುಗಳನ್ನು ಬರೆದವರು ಯಾರು? ಉತ್ತರವಿಲ್ಲ. ‘ಚಂದಮಾಮ’ದ ವಿಕ್ರಮ ಬೇತಾಳರ ಚಿತ್ರವನ್ನು ಲಕ್ಷಾಂತರ ಮಕ್ಕಳು ಕಂಡರು, ಅದನ್ನು ಬರೆದ ಕೆ. ಸಿ. ಶಿವಶಂಕರನ್ ಅವರ ಹೆಸರನ್ನು ಬಲ್ಲವರು ಎಷ್ಟು ಮಂದಿ? ಅವರು 2020ರಲ್ಲಿ ತೀರಿಕೊಂಡಾಗಲೇ ಅನೇಕರಿಗೆ ಆ ಹೆಸರು ತಿಳಿದುದು.

1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ ಚಿತ್ರವೂ ಕೃತಿಯೇ, ಚಿತ್ರಕಾರನೂ ಕರ್ತೃವೇ. ಕರ್ತೃವಿನ ಜೀವಿತಾವಧಿ ಮತ್ತು ಆ ಬಳಿಕ 60 ವರ್ಷಗಳವರೆಗೆ ಸ್ವಾಮ್ಯವು ಉಳಿಯುತ್ತದೆ. ಆದರೆ ಹಣ ಕೊಟ್ಟು ಬರೆಯಿಸಿದ ಚಿತ್ರದ ವಿಷಯದಲ್ಲಿ, ಒಪ್ಪಂದದಲ್ಲಿ ಸ್ಪಷ್ಟವಾಗಿ ಬರೆದುಕೊಳ್ಳದಿದ್ದರೆ, ಸ್ವಾಮ್ಯವು ಬರೆಯಿಸಿದವನ ಪಾಲಾಗಬಹುದು. ಹಕ್ಕನ್ನು ಮಾರಿದ ಮೇಲೂ, ಇದು ನನ್ನ ಕೃತಿಯೆಂದು ಹೇಳಿಕೊಳ್ಳುವ ಅಧಿಕಾರವು ಕರ್ತೃವಿಗೆ ಉಳಿಯುತ್ತದೆಂದು ಅದೇ ಅಧಿನಿಯಮದ 57ನೆಯ ಪ್ರಕರಣ ಹೇಳುತ್ತದೆ. ಕುಂಚ ಹಿಡಿಯುವುದನ್ನು ಕಲಿಸುವ ಕಮ್ಮಟವು, ಕರಾರುಪತ್ರವನ್ನು ಓದುವುದನ್ನೂ ಕಲಿಸತಕ್ಕದ್ದು. ಹೊಟ್ಟೆಗೆ ಹಿಟ್ಟಿಲ್ಲದ ಕಸುಬಿನಲ್ಲಿ ಯಾವ ಕುಶಲನೂ ಬಹುಕಾಲ ನಿಲ್ಲಲಾರ.

ದಿಲ್ಲಿಯ ಕನ್ನಡ ಮಗು

ಇಷ್ಟೆಲ್ಲ ಹೇಳಿದುದು ಯಾರಿಗಾಗಿ? ಕರೋಲಬಾಗಿನಲ್ಲಿಯೋ ರಾಮಕೃಷ್ಣಪುರದಲ್ಲಿಯೋ ನೋಯ್ಡಾ, ಗುರುಗ್ರಾಮಗಳ ಎತ್ತರದ ಕಟ್ಟಡಗಳಲ್ಲಿಯೋ ಬೆಳೆಯುತ್ತಿರುವ ನಮ್ಮ ಮಗುವಿಗಾಗಿ. ಈ ಮಗು ಅಜ್ಜಿಯೊಡನೆ ಕನ್ನಡ ಮಾತನಾಡುತ್ತದೆ, ಗೆಳೆಯರೊಡನೆ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಹೋಟೆಲಿನ ಗಲ್ಲೆಯ ಮೇಲೆ ಕುಳಿತ ವರ್ಷಗಳಲ್ಲಿ ನಾವು ಗಮನಿಸಿದ ಸಂಗತಿಯೊಂದುಂಟು: ತಿಂಡಿಯ ಹೆಸರನ್ನು ಶುದ್ಧ ಕನ್ನಡದಲ್ಲಿ ಕೇಳುವ ಮಕ್ಕಳೇ, ಗೋಡೆಯ ಮೇಲಿನ ಕನ್ನಡ ಫಲಕವನ್ನು ಬಿಟ್ಟು ಅದರ ಕೆಳಗಿನ ಹಿಂದಿಯನ್ನು ಓದುತ್ತಿದ್ದವು. ನಾಲಗೆಯಲ್ಲಿ ಕನ್ನಡವಿದೆ, ಕಣ್ಣಿನಲ್ಲಿಲ್ಲ. ಇಂತಹ ಮಗು ದೊಡ್ಡದಾದಾಗ, ಅದರ ಮಕ್ಕಳ ನಾಲಗೆಯಲ್ಲಿಯೂ ಕನ್ನಡ ಇರಲಾರದು. ಪಣಕ್ಕಿರುವುದು ಇದೇ.

ಊರಿನಿಂದ ತರಿಸಿದ ಪುಸ್ತಕಗಳು ಈ ಕೊರತೆಯನ್ನು ಪೂರ್ತಿಯಾಗಿ ನೀಗಿಸಲಾರವು. ಅವುಗಳಲ್ಲಿರುವ ಅಡಿಕೆಯ ತೋಟ, ಕಂಬಳದ ಗದ್ದೆ, ಹೊಳೆಯ ದೋಣಿ ಇವು ಬೇಕೇ ಬೇಕು. ಊರಿನ ನೆನಪು ಅವುಗಳಿಂದಲೇ ಬರಬೇಕು. ಆದರೆ ಜನವರಿಯ ಮಂಜು, ಮೆಟ್ರೋ ರೈಲು, ಲೋಧಿ ಉದ್ಯಾನದ ಗಿಳಿಗಳು, ದೀಪಾವಳಿಯ ಬಳಿಕ ಹೊಗೆ ಕವಿದು ಶಾಲೆಗೆ ರಜೆ ಬರುವ ದಿನಗಳು, ಎರಡು ರಾತ್ರಿ ರೈಲಿನಲ್ಲಿ ಕಳೆದು ಊರು ಸೇರುವ ಬೇಸಗೆಯ ಪ್ರಯಾಣ, ಇವೂ ಕನ್ನಡದಲ್ಲಿ ಬರಬೇಡವೇ? ತಾನು ಕಾಣುವ ಲೋಕಕ್ಕೆ ಕನ್ನಡದಲ್ಲಿ ಹೆಸರುಗಳಿವೆಯೆಂದು ತಿಳಿದ ಮಗುವೇ ಕನ್ನಡವನ್ನು ತನ್ನದೆಂದು ಭಾವಿಸುವುದು. ಅಂತಹ ಪುಸ್ತಕವನ್ನು ಬೆಂಗಳೂರಿನವರು ಬರೆದುಕೊಡಲಾರರು, ಇಲ್ಲಿನವರೇ ಬರೆಯಬೇಕು.

ಲಿಪಿಯ ತೊಡಕಿಗೂ ಉಪಾಯವಿಲ್ಲದಿಲ್ಲ. ಕನ್ನಡವನ್ನು ನಾಗರಿಯಲ್ಲಿ ಅಚ್ಚು ಹಾಕಬೇಕೆಂದು ಕೆಲವರು ಸಲಹೆ ಮಾಡುತ್ತಾರೆ. ನಮಗೆ ಇದು ಸಮ್ಮತವಲ್ಲ. ಊರುಗೋಲಿಗೆ ಒಗ್ಗಿದ ಕಾಲು ನಡೆಯುವುದನ್ನು ಕಲಿಯದು. ಆದರೆ ಹಿಂದಿ ಓದಬಲ್ಲ ಮಗುವಿಗೆ ವರ್ಣಮಾಲೆಯ ಅನುಕ್ರಮವು ಆಗಲೇ ಬಂದಿರುತ್ತದೆ. ಅ ಆ ಇ ಈ ಎಂದು ಮೊದಲಾಗುವ ಸ್ವರಗಳ, ಕ ಖ ಗ ಘ ಎಂಬ ವ್ಯಂಜನಗಳ ಸಾಲು ಎರಡರಲ್ಲಿಯೂ ಒಂದೇ. ಹೊಸದಾಗಿ ಕಲಿಯಬೇಕಾದುದು ಅಕ್ಷರಗಳ ಆಕಾರವನ್ನು, ಹ್ರಸ್ವವಾದ ಎ, ಒ ಸ್ವರಗಳನ್ನು, ಮತ್ತು ನಮ್ಮ ಳಕಾರವನ್ನು. ಪುಸ್ತಕದ ಕೊನೆಯ ಪುಟದಲ್ಲಿ ಎರಡೂ ಲಿಪಿಗಳನ್ನು ಎದುರುಬದುರಾಗಿ ಅಚ್ಚು ಹಾಕಿ, ಒಳಗಿನ ಕಥೆಯಲ್ಲಿ ಮೊದಲು ಒತ್ತಕ್ಷರವಿಲ್ಲದ ಮಾತುಗಳನ್ನೂ, ಬಳಿಕ ಸುಲಭವಾದ ಒತ್ತುಗಳನ್ನೂ ಬಳಸಿದರೆ, ದಿಲ್ಲಿಯ ಕನ್ನಡ ಮಗುವಿಗೆಂದೇ ರೂಪಿಸಿದ ಒಂದು ಪುಸ್ತಕಮಾಲೆ ಸಿದ್ಧವಾಗುತ್ತದೆ. ಇದು ಪಂಡಿತರ ಕೆಲಸವಲ್ಲ. ತಾಯಂದಿರೂ ಶಿಕ್ಷಕಿಯರೂ ಚಿತ್ರಕಾರರೂ ಕೂಡಿ ಮಾಡಬಹುದಾದ ಕೆಲಸ.

ನಮ್ಮ ಸೂಚನೆ

ನಮ್ಮಲ್ಲಿ ಸಾಧನಗಳಿಗೆ ಕೊರತೆಯಿಲ್ಲ. 1948ರಲ್ಲಿ ಸ್ಥಾಪಿತವಾದ ದಿಲ್ಲಿ ಕರ್ನಾಟಕ ಸಂಘಕ್ಕೆ ಸ್ವಂತ ಕಟ್ಟಡವಿದೆ. ಲೋಧಿ ಎಸ್ಟೇಟಿನಲ್ಲಿ ಕನ್ನಡಿಗರೇ ಕಟ್ಟಿದ ಶಾಲೆಯಿದೆ. 2010ರಿಂದ ಬಾಲಸಾಹಿತ್ಯಕ್ಕೆ ಪುರಸ್ಕಾರ ಕೊಡುತ್ತಿರುವ ಸಾಹಿತ್ಯ ಅಕಾಡೆಮಿ ಇದೇ ನಗರದಲ್ಲಿದೆ. ಮೊದಲ ವರ್ಷದ ಕನ್ನಡದ ಪುರಸ್ಕಾರವು ಗಾಂಧೀಜಿಯವರ ಕಥೆಯನ್ನು ಮಕ್ಕಳಿಗೆ ಹೇಳಿದ ಬೊಳುವಾರು ಮಹಮದ್ ಕುಂಞಿ ಅವರಿಗೆ ಸಂದಿತು. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯವರು 2015ರಲ್ಲಿ ತೆರೆದ ‘ಸ್ಟೋರಿವೀವರ್’ ಎಂಬ ಅಂತರ್ಜಾಲ ಭಂಡಾರದಲ್ಲಿ ಕನ್ನಡದ ಕಥೆಗಳನ್ನು ಚಿತ್ರಸಮೇತ ಉಚಿತವಾಗಿ ಪಡೆಯಬಹುದು, ಹೊಸದನ್ನು ಸೇರಿಸಲೂಬಹುದು. ಹಣದ ಅಭಾವದಿಂದ ಮುದ್ರಣ ತಡವಾದರೂ, ಕಥೆಯು ಮಗುವನ್ನು ಮುಟ್ಟಲು ತಡವಾಗಬೇಕಿಲ್ಲ.

ಆದುದರಿಂದ ನಮ್ಮ ಸೂಚನೆಯಿದು. ಬೇಸಗೆಯ ರಜೆಗೆ ಮುನ್ನ, ಮೂರು ದಿನಗಳ ಒಂದು ಕಮ್ಮಟವನ್ನು ನಮ್ಮ ಸಂಘಸಂಸ್ಥೆಗಳು ಕೂಡಿ ಏರ್ಪಡಿಸಲಿ. ಆರು ಮಂದಿ ಬರೆಯುವವರು, ಆರು ಮಂದಿ ಚಿತ್ರಿಸುವವರು, ಹನ್ನೆರಡೇ ಜನ ಸಾಕು. ಮೊದಲ ದಿನ ಜೋಡಿಗಳಾಗಿ ಕುಳಿತು ಹಾಳೆ ಮಡಿಚಲಿ. ಎರಡನೆಯ ದಿನ ಮಾದರಿ ಪುಸ್ತಕ ಮುಗಿಸಲಿ. ಮೂರನೆಯ ದಿನ ನಮ್ಮ ಮಕ್ಕಳನ್ನು ಚಾಪೆಯ ಮೇಲೆ ಕೂರಿಸಿ ಓದಿ ತೋರಿಸಲಿ. ಉದ್ಘಾಟನೆಯ ಭಾಷಣ ಬೇಡ. ಆರರಲ್ಲಿ ಎರಡು ಪುಸ್ತಕಗಳು ಮಕ್ಕಳ ಮನಸ್ಸನ್ನು ಗೆದ್ದರೂ ಕಮ್ಮಟವು ಸಾರ್ಥಕ. ಮುದ್ರಣವಾದ ಮೇಲೆ, ‘ಆವಿಕ್’ ಸಂಘದವರು ದಿಲ್ಲಿಯ ಬಡಾವಣೆಗಳಲ್ಲಿ ಮಾಡಿ ತೋರಿಸಿದಂತೆ, ಒಂದೊಂದು ಬಡಾವಣೆಯಲ್ಲಿ ಒಂದೊಂದು ಮನೆಯ ಜಗಲಿಯೋ ಕೋಣೆಯೋ ಮಕ್ಕಳ ಗ್ರಂಥಾಲಯವಾಗಲಿ. ಐವತ್ತು ಪುಸ್ತಕಗಳೂ ಒಂದು ಚಾಪೆಯೂ ಇದ್ದರೆ ಗ್ರಂಥಾಲಯವಾಯಿತು.

ರಾಜ್ಯೋತ್ಸವಕ್ಕೆ, ಗಣೇಶೋತ್ಸವಕ್ಕೆ ಧಾರಾಳವಾಗಿ ಚಂದಾ ಎತ್ತುವ ಸಮಾಜ ನಮ್ಮದು. ಅದರಲ್ಲಿ ಒಂದು ಪಾಲನ್ನು ಈ ಕೆಲಸಕ್ಕೆ ತೆಗೆದಿಡುವುದು ಕಷ್ಟವಲ್ಲ. ಊಟೋಪಚಾರದ ಚಿಂತೆಯನ್ನು ಹೋಟೆಲು ನಡೆಸುವ ನಮ್ಮ ಬಾಂಧವರಿಗೆ ಬಿಡಬಹುದು; ಹನ್ನೆರಡು ಎಲೆ ಅವರಿಗೆ ಭಾರವಾಗದು. ಆದರೆ ಬಡಿಸುವಾಗ ಒಂದು ನಿಯಮವಿರಲಿ: ಕಥೆಗಾರನಿಗೂ ಚಿತ್ರಕಾರನಿಗೂ ಪಕ್ಕಪಕ್ಕದಲ್ಲಿ ಎಲೆ ಹಾಕಬೇಕು. ಅರ್ಧ ಪುಸ್ತಕ ಅಲ್ಲಿಯೇ ಆಗಿಹೋಗುತ್ತದೆ. ಈ ಬಗೆಗೆ ವಾಚಕರ ಅಭಿಪ್ರಾಯಗಳನ್ನೂ, ಅದಕ್ಕಿಂತ ಹೆಚ್ಚಾಗಿ ಅವರ ಹೆಸರುಗಳನ್ನೂ, ನಮ್ಮ ಕಾರ್ಯಾಲಯವು ಎದುರುನೋಡುತ್ತದೆ.